ಕೇಳದೆ ಕೊಟ್ಟ ಸಸಿ

"ಬುದ್ಧಿ, ಕೇಳದೆ ಉಪಕಾರ ಮಾಡುವವನನ್ನು ನಂಬಬಹುದೆ?" ಎಂದು ಶಿಷ್ಯ ಮರಿಸಿದ್ಧ ಗುರುಗಳನ್ನು ಕೇಳಿದ.

ಮರಿಸಿದ್ಧನಿಗೆ ಹದಿನೈದು ದಿನಗಳಿಂದ ಜ್ವರ. ಶ್ರಾವಣಕ್ಕೆ ಇನ್ನು ಹತ್ತೇ ದಿನ ಉಳಿದಿತ್ತು. ಆ ತಿಂಗಳಿಡೀ ಮಠದಲ್ಲಿ ಭಕ್ತರ ಮುಂದೆ ಪುರಾಣ ಓದುವವನು ಅವನೇ ಎಂದು ನಿಶ್ಚಯವಾಗಿತ್ತು. ಅವನಿಗೆ ಆಗದಿದ್ದರೆ ಜೊತೆಗಾರ ನಂಜಯ್ಯ ಓದಬೇಕು. ಆ ನಂಜಯ್ಯನೇ ಬೆಳಿಗ್ಗೆ ಸಂಜೆ ಕಷಾಯ ಕಾಯಿಸಿ ತಂದುಕೊಡುತ್ತಿದ್ದ. ಲೋಟ ಪ್ರತಿ ಸಲವೂ ಖಾಲಿಯಾಗಿಯೇ ಹಿಂದಿರುಗುತ್ತಿತ್ತು. ಜ್ವರ ಮಾತ್ರ ಇಳಿದಿರಲಿಲ್ಲ.

ಗುರುಗಳು ಅವನ ಹಣೆ ಮುಟ್ಟಿ ನೋಡಿದರು. ಕುಳಿತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ತೋಟಗಾರನಿದ್ದ. ಮೂವತ್ತು ವರ್ಷ ಸೇವಂತಿಗೆ ಬೆಳೆದವನು. ದಡ್ಡನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವನ ತೋಟದ ಪಕ್ಕದಲ್ಲೇ ಒಬ್ಬ ಹೆಂಗಸಿನ ತೋಟ. ನಡುವೆ ಬೇಲಿ, ಬೇಲಿಯಲ್ಲೊಂದು ಸಂದಿ. ಮಜ್ಜಿಗೆ, ಕರಿಬೇವು, ಊರಿನ ಸುದ್ದಿ ಎಲ್ಲವೂ ಆ ಸಂದಿಯಿಂದಲೇ ಓಡಾಡುತ್ತಿದ್ದವು.

ಆ ಹೆಂಗಸಿನ ಬಳಿ ದೂರದೇಶದ ಒಂದು ಹೂವಿತ್ತು. ತಿಳಿ ನೇರಳೆ ಎಸಳುಗಳು ಕೆಳಕ್ಕೆ ಬಾಗಿರುತ್ತವೆ, ನಡುವೆ ಮುಳ್ಳುಮುಳ್ಳಾದ ಒಂದು ಉಬ್ಬು. ನೋಡಿದವರು ಅದನ್ನು ಗೋಪುರದ ಹೂ ಎಂದು ಕರೆದರು. ತೋಟಗಾರನಿಗೆ ಅದರ ಮೇಲೆ ಬಹಳ ಆಸೆ. ಆದರೆ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಿ ಪಡೆದ ಗಿಡ ಹತ್ತುವುದಿಲ್ಲ, ಕದ್ದು ತಂದದ್ದೇ ಚೆನ್ನಾಗಿ ಬರುತ್ತದೆ ಎಂದು ಹೂ ಬೆಳೆಯುವವರಲ್ಲಿ ಒಂದು ನಂಬಿಕೆ. ಅವನು ಒಂದು ಸಂಜೆ ಸಂದಿಯವರೆಗೆ ಹೋಗಿ ಧೈರ್ಯ ಸಾಲದೆ ಹಿಂದಿರುಗಿದ್ದೂ ಉಂಟು.

ಮಾರನೆಯ ದಿನವೇ ಆ ಹೆಂಗಸು ಆರು ಸಸಿಗಳನ್ನು ಬಾಳೆಪಟ್ಟೆಯಲ್ಲಿ ಸುತ್ತಿ ತಂದಳು.

"ಬೀಜ ಉದುರಿ ತಾವೇ ಎದ್ದಿದ್ದವು ಅಣ್ಣಾ, ಕಿತ್ತು ಬಿಸಾಡೋಕೆ ಮನಸ್ಸು ಬರಲಿಲ್ಲ. ಪೂರ್ತಿ ಬಿಸಿಲಿಗೆ ನೆಡಿ. ಬೇರು ಹಿಡಿದ ಮೇಲೆ ನೀರು ಕಮ್ಮಿ ಮಾಡಿ. ಗೊಬ್ಬರ ಬೇಡ. ಬುಡ ಕದಲಿಸಬೇಡಿ. ಮೊದಲ ವರ್ಷ ಹೂ ಬಿಡದಿದ್ದರೆ ಬೇಜಾರು ಮಾಡ್ಕೋಬೇಡಿ" ಎಂದಳು.

ತೋಟಗಾರನ ತಲೆಯಲ್ಲಿ ಹುಳ ಹೊಕ್ಕಿತು. ನಾನು ಕೇಳಲಿಲ್ಲ, ಇವಳೇಕೆ ಕೊಟ್ಟಳು? ನಿನ್ನೆ ಸಂದಿಯ ಬಳಿ ನನ್ನನ್ನು ನೋಡಿದಳೋ? ಬಿಸಿಲಿಗೆ ನೆಡು, ನೀರು ಕೊಡಬೇಡ, ಗೊಬ್ಬರ ಹಾಕಬೇಡ. ಗಿಡ ಸಾಯಿಸುವುದಕ್ಕೆ ಇದಕ್ಕಿಂತ ಬೇರೆ ದಾರಿ ಇದೆಯೆ? ಸೇವಂತಿಗೆಗೆ ಹೀಗೆ ಮಾಡಿದರೆ ವಾರದಲ್ಲಿ ಒಣಗುತ್ತದೆ. ಒಂದು ವರ್ಷ ಹೂ ಬಿಡುವುದಿಲ್ಲ ಎಂದಳಲ್ಲ, ಅಷ್ಟರಲ್ಲಿ ನಾನು ಮರೆತುಬಿಡಲಿ ಎಂದು ಉಪಾಯ. ಊರಲ್ಲಿ ಆ ಹೂ ತನ್ನೊಬ್ಬಳ ಬಳಿಯೇ ಇರಬೇಕು ಅವಳಿಗೆ.

ಅವಳು ಹೇಳಿದ್ದಕ್ಕೆಲ್ಲ ತದ್ವಿರುದ್ಧ ಮಾಡಿದ. ಹೊಂಗೆಯ ನೆರಳಿನಲ್ಲಿ ನೆಟ್ಟ. ಬುಡಕ್ಕೆ ಬುಟ್ಟಿಗಟ್ಟಲೆ ಸಗಣಿಗೊಬ್ಬರ ಸುರಿದ. ಎರಡು ಹೊತ್ತೂ ನೀರು ಹಾಕಿದ. ಸಸಿಗಳು ಎತ್ತರಕ್ಕೆ ಬೆಳೆದು, ನಿಲ್ಲಲಾಗದೆ ಅಡ್ಡಬಿದ್ದವು. ಬೇರಿಗೆ ಗಾಯ ಮಾಡಿ ಕೊಟ್ಟಿದ್ದಾಳೇನೋ ಎಂದು ಒಂದೊಂದನ್ನೇ ಕಿತ್ತು ನೋಡಿ ಮತ್ತೆ ನೆಟ್ಟ. ಮಳೆಗಾಲ ಮುಗಿಯುವ ಹೊತ್ತಿಗೆ ಐದು ಕೊಳೆತುಹೋದವು. ಆರನೆಯದನ್ನು ಸಿಟ್ಟಿನಲ್ಲಿ ಕಿತ್ತು, ತೋಟದ ಹೊರಗೆ ಬಟಾಬಯಲಿನಲ್ಲಿದ್ದ ಕಲ್ಲುಮಣ್ಣಿನ ಗುಡ್ಡೆಯ ಮೇಲೆ ಎಸೆದ. ನಾನು ಅಂದುಕೊಂಡದ್ದೇ ನಿಜವಾಯಿತು ಎಂದುಕೊಂಡ. ಹಾಗೆಂದುಕೊಂಡಾಗ ಅವನಿಗೆ ದುಃಖವಾಗಲಿಲ್ಲ, ಖುಷಿಯಾಯಿತು. ಅವನ ಕಾಯಿಲೆ ಅಲ್ಲಿಯವರೆಗೆ ಬೆಳೆದಿತ್ತು.

ಆ ಹೆಂಗಸು ಸಂದಿಯ ಬಳಿ ಬಂದು, "ಗಿಡ ಹತ್ತಿದವಾ ಅಣ್ಣಾ?" ಎಂದು ಕೇಳಿದಳು.

"ಹತ್ತುವಂಥದ್ದು ಕೊಟ್ಟಿದ್ದರೆ ಹತ್ತುತ್ತಿದ್ದವು" ಎಂದ.

ಅವಳ ಮುಖ ಸಪ್ಪಗಾಯಿತು. ಹಿಂದಿರುಗಿ ಹೋದಳು. ಅದೇ ದಿನ ಅವನು ಜಾಲಿಮುಳ್ಳು ತಂದು ಸಂದಿ ಮುಚ್ಚಿದ. ಮಜ್ಜಿಗೆಯೂ ನಿಂತಿತು, ಮಾತೂ ನಿಂತಿತು. ಅವನ ಹೆಂಡತಿ ಎರಡು ದಿನ ಅತ್ತಳು. ಆ ಕಡೆಯವಳು ಅವಳಿಗೆ ಅಕ್ಕನಂತಿದ್ದಳು.

ಮರುವರ್ಷ ಒಂದು ಬೆಳಿಗ್ಗೆ ಅವನು ಆ ಗುಡ್ಡೆಯ ಪಕ್ಕದಲ್ಲಿ ಹೋಗುತ್ತಿದ್ದ. ಕಲ್ಲುಗಳ ಸಂದಿನಲ್ಲಿ ಗಿಡ ನೆಟ್ಟಗೆ ನಿಂತಿತ್ತು. ಮೂರು ಹೂ ಬಿಟ್ಟಿತ್ತು. ನೆರಳಿಲ್ಲ, ಗೊಬ್ಬರವಿಲ್ಲ, ಮಳೆಯ ಹನಿ ಬಿಟ್ಟರೆ ಬೇರೆ ನೀರು ಕಂಡದ್ದಿಲ್ಲ. ಅವನು ಬಹಳ ಹೊತ್ತು ನೋಡುತ್ತಾ ನಿಂತ.

ಇಲ್ಲಿಗೆ ಬಂದಾಗ ಗುರುಗಳು ಕತೆ ನಿಲ್ಲಿಸಿದರು. "ಅವನಿಗೆ ಆಗ ಏನು ಹೊಳೆಯಿತು, ಹೇಳು" ಎಂದರು.

"ತಪ್ಪು ತನ್ನದೇ ಎಂದು ಹೊಳೆದಿರಬೇಕು ಬುದ್ಧಿ" ಎಂದ ಮರಿಸಿದ್ಧ.

ಇಲ್ಲ, ಎಂದರು ಗುರುಗಳು. ಎಲಾ ಇವಳಾ, ನನ್ನನ್ನು ನಾಚಿಸಬೇಕೆಂದು ಕತ್ತಲಿರುವಾಗಲೇ ಬಂದು ಬೇರೆ ಗಿಡ ನೆಟ್ಟು ಹೋಗಿದ್ದಾಳೆ ಎಂದು ಹೊಳೆಯಿತು. ಬಗ್ಗಿ ಎರಡೂ ಕೈಯಿಂದ ಹಿಡಿದು ಎಳೆದ. ಬೇರು ಆಳಕ್ಕೆ ಇಳಿದಿತ್ತು. ಬಲವಾಗಿಯೇ ಎಳೆಯಬೇಕಾಯಿತು. ಅದೂ ಸತ್ತಿತು.

ಕತೆ ಮುಗಿಯಿತು. ಮರಿಸಿದ್ಧ ತಲೆ ತಗ್ಗಿಸಿ ಕುಳಿತಿದ್ದ. ಹೊದ್ದಿದ್ದ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ. ಆಮೇಲೆ ತಲೆಯೆತ್ತಿ, "ನನ್ನ ವಿಷಯ ನಿಮ್ಮ ಕಿವಿಗೆ ಹಾಕಿದವನು ನಂಜಯ್ಯನೇ ಅಲ್ಲವೆ ಬುದ್ಧಿ?" ಎಂದ.

"ಯಾರೂ ಹಾಕಲಿಲ್ಲ, ಹದಿನೈದು ದಿನದಿಂದ ಜ್ವರ ನಿನಗೆ, ಕಷಾಯ ಕುಡಿದು ಚಿಗುರಿದ್ದು ನಿನ್ನ ಕಿಟಕಿಯ ಕೆಳಗಿನ ದಾಸವಾಳ" ಎಂದರು ಗುರುಗಳು.