ಹುಲಿಯ ಬೆನ್ನೇರಿ ಬಂದ ತೀರ್ಪು

ಕಾಡಿನಲ್ಲಿ ಕಟ್ಟಕಡೆಯ ನ್ಯಾಯ ಆಮೆಯಮ್ಮನದು. ಅವಳ ಮಾತಿನ ಮೇಲೆ ಇನ್ನೊಂದು ಮಾತಿರಲಿಲ್ಲ. ನೀರಿನ ಮಡು ಯಾರದೆಂದು ಹುಲಿಗೂ ಜಿಂಕೆಗಳಿಗೂ ವ್ಯಾಜ್ಯ ಬಿದ್ದಾಗ ಅವಳು ಎರಡೂ ಕಡೆಯ ವಾದ ಕೇಳಿ, ಈ ಸಲ ಹುಲಿಯ ಪಕ್ಷವೇ ಸರಿಯೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು.

ತೀರ್ಪಿನ ದಿನ ಬಿಸಿಲಲ್ಲಿ ನ್ಯಾಯದ ಬಂಡೆಯತ್ತ ತೆವಳುತ್ತಿದ್ದವಳ ಪಕ್ಕ ಹುಲಿ ಬಂದು ನಿಂತಿತು. "ನಾನೂ ಅಲ್ಲಿಗೇ ಹೊರಟಿದ್ದೇನೆ. ಹತ್ತಿ ತಾಯಿ, ನಿಮ್ಮ ನಡಿಗೆಗೆ ಕಾದರೆ ಕಕ್ಷಿದಾರರು ಮುದುಕರಾಗುತ್ತಾರೆ."

ತೀರ್ಪು ಹೇಗೂ ನಿರ್ಧಾರವಾಗಿದೆ, ಬೆನ್ನೇರಿದ ಮಾತ್ರಕ್ಕೆ ಬದಲಾದೀತೇ ಎಂದುಕೊಂಡು ಆಮೆಯಮ್ಮ ಹತ್ತಿದಳು.

ನ್ಯಾಯದ ಬಂಡೆಯ ಬಳಿ ಕಾದಿದ್ದ ಜಿಂಕೆಗಳೆಲ್ಲ ಅವಳು ಹುಲಿಯ ಬೆನ್ನಿಂದ ಇಳಿಯುವುದನ್ನು ನೋಡಿದವು. ಅವಳು ಕಾರಣಗಳನ್ನೆಲ್ಲ ಬಿಡಿಸಿ ಹೇಳಿ ತೀರ್ಪು ಕೊಟ್ಟಳು. ಯಾವುದೂ ಎದುರಾಡಲಿಲ್ಲ, ತಲೆಬಾಗಿ ಹೊರಟವು. ಅದೇ ಅವಳಿಗೆ ಇರಿಸುಮುರಿಸಾಯಿತು.

"ನಾನು ಹೇಳಿದ್ದರಲ್ಲಿ ತಪ್ಪೆಲ್ಲಿದೆ, ಹೇಳು," ಎಂದು ಮುದಿ ಜಿಂಕೆಯನ್ನು ತಡೆದು ಕೇಳಿದಳು.

"ಇಲ್ಲದೆಯೂ ಇರಬಹುದು ತಾಯಿ. ನಾವು ಕೇಳಿಸಿಕೊಳ್ಳಲೇ ಇಲ್ಲ. ದಾರಿ ಗೊತ್ತುಮಾಡುವುದು ಮೇಲೆ ಕೂತವರಲ್ಲ, ಹೊತ್ತವರು."

ಕೆಲವು ದಿನಗಳ ಮೇಲೆ ಹುಲ್ಲುಗಾವಲಿನ ಗಡಿಗಾಗಿ ಎರಡು ಜಿಂಕೆಗಳು ಜಗಳವಾಡಿಕೊಂಡವು. ಆಮೆಯಮ್ಮ ಬಂಡೆಯ ಮೇಲೆ ಕಾದೇ ಕಾದಳು. ಅವು ಬರಲಿಲ್ಲ. "ತೀರ್ಪು ಹುಲಿಯಿಂದಲೇ ಬರುವುದಾದರೆ ನಡುವೆ ಈಕೆ ಯಾಕೆ?" ಎಂದು ನೇರ ಅದರ ಗುಹೆಗೇ ಹೋದವಂತೆ.

ಸುದ್ದಿ ಕೇಳಿದ್ದೇ ತಡ, ತಡೆಯಲೆಂದು ಆಮೆಯಮ್ಮ ಹೊರಟಳು. ಅವಳು ಏದುಸಿರು ಬಿಡುತ್ತಾ ತಲುಪಿದಾಗ ಹುಲಿ ಗುಹೆಯ ಬಾಗಿಲಲ್ಲಿ ಕೂತು ಬಾಯಿ ಒರೆಸಿಕೊಳ್ಳುತ್ತಿತ್ತು.

"ಇಬ್ಬರಿಗೂ ಸಮಾನ ನ್ಯಾಯ ಕೊಟ್ಟೆ, ತಾಯಿ," ಎಂದಿತು.