ಐದನೆಯ ಗುರುತು

“ಗುರುಗಳೇ, ಕೈತಪ್ಪಿ ಕೊಟ್ಟ ವೋಟನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಿಡಬೇಕೇ, ಬೇಡವೇ?” ಎಂದು ಶಿಷ್ಯ ಕೇಳಿದ.

ಅವನು ಅಂತರ್ಜಾಲದಲ್ಲಿ ಒಂದು ಚರ್ಚೆಯ ತಾಣವನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತಿದ್ದರು. ಒಪ್ಪಿಗೆಯಾದರೆ ಮೇಲ್ಮುಖದ ಬಾಣ ಒತ್ತುತ್ತಿದ್ದರು, ಆಗದಿದ್ದರೆ ಕೆಳಮುಖದ ಬಾಣ. ಒತ್ತಿದ್ದು ಒತ್ತಿದಂತೆಯೇ ಉಳಿಯುತ್ತಿತ್ತು. ತಪ್ಪಿ ಒತ್ತಿದೆ, ಅಳಿಸಿಕೊಡಿ ಎಂದು ವಾರಕ್ಕೆ ನಾಲ್ಕಾರು ಜನ ಅವನಿಗೆ ಬರೆಯುತ್ತಿದ್ದರು.

“ಬಿಟ್ಟ ಬಾಣ, ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ ಎನ್ನುತ್ತಾರೆ. ಹಿಂದಕ್ಕೆ ತೆಗೆದುಕೊಳ್ಳಲು ಬಿಟ್ಟರೆ ವೋಟಿಗೆ ತೂಕವಿರುವುದಿಲ್ಲ. ಬಿಡದಿದ್ದರೆ ಕೇಳಿದವರ ಮುಖ ನೋಡಲಾಗುವುದಿಲ್ಲ. ನೀವೇ ಹೇಳಿ.”

ಗುರುಗಳು ಹೇಳತೊಡಗಿದರು.

ಹೊಲಿಗೆಯವರಿಗಾಗಿ ಇಂಥದ್ದೇ ಒಂದು ತಾಣವಿತ್ತು. ಊರೂರಿನ ಟೇಲರುಗಳು ಅಲ್ಲಿ ಸೇರುತ್ತಿದ್ದರು. ತೋಳು ಸರಿಯಾಗಿ ಕೂರದಿದ್ದರೆ ಏನು ಮಾಡಬೇಕು, ಜಾರುವ ಬಟ್ಟೆಯನ್ನು ಹೇಗೆ ಕತ್ತರಿಸಬೇಕು ಎಂದು ಕೇಳುತ್ತಿದ್ದರು. ಗೊತ್ತಿದ್ದವರು ಉತ್ತರ ಬರೆಯುತ್ತಿದ್ದರು. ಯಾವ ಬಾಣವನ್ನು ಯಾರು ಒತ್ತಿದರು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಒಂದು ಉತ್ತರಕ್ಕೆ ಐದು ಕೆಳಗಿನ ಗುರುತು ಬಿದ್ದರೆ ಆ ಉತ್ತರ ತಾನಾಗಿ ಮರೆಯಾಗುತ್ತಿತ್ತು, ಒತ್ತಿದವರ ಹೆಸರು ಮಾತ್ರ ಕಾಣುತ್ತಿತ್ತು. ಬಿದ್ದ ಗುರುತನ್ನು ಯಾರೂ ಅಳಿಸುವಂತಿರಲಿಲ್ಲ.

ಆ ತಾಣದಲ್ಲಿ ರಾಣೇಬೆನ್ನೂರಿನ ಕಸ್ತೂರೆವ್ವ ಎಂಬವಳ ಮಾತಿಗೆ ಬಹಳ ಬೆಲೆಯಿತ್ತು. ಅವಳು ನಲವತ್ತು ವರ್ಷದಿಂದ ಕುಪ್ಪಸ ಹೊಲಿಯುತ್ತಿದ್ದವಳು. ಬರೆಯುತ್ತಿದ್ದದ್ದು ಕಡಿಮೆ, ಓದುತ್ತಿದ್ದದ್ದು ಹೆಚ್ಚು. ಹೊಸಬರು ಬರೆದದ್ದನ್ನೂ ಕೊನೆಯ ಸಾಲಿನವರೆಗೆ ಓದಿ ಆಮೇಲೆ ಬಾಣ ಒತ್ತುತ್ತಿದ್ದಳು. ಕಸ್ತೂರೆವ್ವ ಮೇಲಿನ ಬಾಣ ಒತ್ತಿದ್ದಾಳೆಂದರೆ ಆ ಉತ್ತರವನ್ನು ಜನ ಕಣ್ಣು ಮುಚ್ಚಿ ನಂಬುತ್ತಿದ್ದರು.

ಒಂದು ದಿನ ಹಾನಗಲ್ಲಿನ ಇಂದುಮತಿ ಎಂಬ ಟೇಲರ್ ಒಂದು ಪ್ರಶ್ನೆ ಹಾಕಿದಳು. ಅವಳ ಗಿರಾಕಿಯೊಬ್ಬಳಿಗೆ ರೋಗ ಬಂದು ಒಂದು ಮೊಲೆಯನ್ನು ತೆಗೆದಿದ್ದರು. ಇನ್ನು ಹದಿನೈದು ದಿನಕ್ಕೆ ಅವಳ ಮಗಳ ಮದುವೆ. ಯಾವ ಕುಪ್ಪಸ ಹೊಲಿದರೂ ಒಂದು ಕಡೆ ಸುಕ್ಕುಗಟ್ಟುತ್ತದೆ. ಎಲ್ಲರ ಮುಂದೆ ಹೇಗೆ ನಿಲ್ಲಲಿ ಎಂದು ಆಕೆ ಅಳುತ್ತಾಳೆ. ಹೇಗೆ ಹೊಲಿಯಬೇಕು, ಬಲ್ಲವರು ತಿಳಿಸಿ ಎಂದು ಇಂದುಮತಿ ಕೇಳಿದ್ದಳು.

ಎರಡು ದಿನ ಯಾರೂ ಏನೂ ಬರೆಯಲಿಲ್ಲ. ಮೂರನೆಯ ದಿನ ಗುಳೇದಗುಡ್ಡದ ದಾವಲಸಾಬ ಎಂಬವನು ಬರೆದ. ಅವನು ತಾಣಕ್ಕೆ ಬಂದು ತಿಂಗಳಾಗಿತ್ತಷ್ಟೆ. ಸಣ್ಣ ಸಣ್ಣ ಪ್ರಶ್ನೆಗಳಿಗೆ ಎರಡು ಮೂರು ಉತ್ತರ ಬರೆದಿದ್ದ.

ತನ್ನ ಮನೆಯವರೊಬ್ಬರಿಗೆ ಇಂಥ ಕುಪ್ಪಸ ಹೊಲಿದಿದ್ದೇನೆ ಎಂದು ಅವನು ಆರಂಭಿಸಿದ್ದ. ಹತ್ತಿಯ ಅರಳೆ ತುಂಬಿದರೆ ನೋಡಲು ಸರಿ ಕಾಣುತ್ತದೆ, ಆದರೆ ಹಗುರವಾಗುತ್ತದೆ. ಒಂದು ಕಡೆ ಭಾರ ಕಡಿಮೆಯಾಗಿ ಆ ಕಡೆಯ ಹೆಗಲು ಮೇಲೇಳುತ್ತದೆ. ಸಣ್ಣ ಚೀಲದಲ್ಲಿ ಸಾಸಿವೆ ತುಂಬಿ ಒಳಗಿಟ್ಟರೆ ಭಾರ ಸಮನಾಗುತ್ತದೆ. ಒಗೆಯುವಾಗ ಚೀಲವನ್ನು ತೆಗೆಯಲು ಬರುವಂತೆ ಒಳಗಿನ ಅಸ್ತರಿಗೆ ಒಂದು ಜೇಬು ಹೊಲಿಯಬೇಕು. ಗಾಯದ ಗೆರೆಯ ಮೇಲೆ ಹೊಲಿಗೆ ಬರಬಾರದು. ಹೀಗೆ ಅಳತೆಗಳನ್ನೆಲ್ಲ ಕೊಟ್ಟು ಒಂದು ಪುಟದಷ್ಟು ಬರೆದಿದ್ದ.

ಗಂಡಸು ಇಂಥದ್ದನ್ನು ಬರೆಯಬಹುದೇ ಎಂದು ಇಬ್ಬರು ಕೆಳಗಿನ ಬಾಣ ಒತ್ತಿದರು. ಅವರಿಬ್ಬರು ಒತ್ತಿದ್ದನ್ನು ನೋಡಿ ಇನ್ನಿಬ್ಬರು ಒತ್ತಿದರು. ಆ ಇಬ್ಬರು ಉತ್ತರವನ್ನು ಓದಿರಲೂ ಇಲ್ಲ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಸ್ತೂರೆವ್ವ ಅದನ್ನು ಓದಿದಳು. ಎರಡು ಸಲ ಓದಿದಳು. ತನ್ನ ನಲವತ್ತು ವರ್ಷದಲ್ಲಿ ಇಂಥ ಹೆಂಗಸರು ಏಳೆಂಟು ಜನ ತನ್ನ ಬಳಿ ಬಂದಿದ್ದರು. ಅವರಿಗೆ ತಾನು ಅರಳೆಯನ್ನೇ ತುಂಬಿ ಕೊಟ್ಟಿದ್ದೆನಲ್ಲ ಎಂದು ಅವಳಿಗೆ ನೆನಪಾಯಿತು. ಇವನು ಬಲ್ಲವನು ಎಂದುಕೊಂಡು ಮೇಲಿನ ಬಾಣ ಒತ್ತಲು ಹೋದಳು. ಬಾಣಗಳು ಒಂದರ ಪಕ್ಕ ಒಂದು ಇದ್ದವು. ಸೂಜಿ ಹಿಡಿದು ಹಿಡಿದು ಅವಳ ಹೆಬ್ಬೆರಳಿನ ತುದಿ ಗಟ್ಟಿಯಾಗಿತ್ತು. ಬೆರಳು ಜಾರಿ ಕೆಳಗಿನ ಬಾಣದ ಮೇಲೆ ಬಿತ್ತು.

ಅದು ಐದನೆಯದು. ಉತ್ತರ ಅವಳ ಕಣ್ಣೆದುರೇ ಮರೆಯಾಯಿತು.

ಅವಳು ಮತ್ತೆ ಮತ್ತೆ ಒತ್ತಿ ನೋಡಿದಳು. ನಿಮ್ಮ ವೋಟು ದಾಖಲಾಗಿದೆ ಎಂದು ಮಾತ್ರ ಬಂತು. ತಾಣವನ್ನು ನೋಡಿಕೊಳ್ಳುವವನಿಗೆ ಬರೆದಳು. ಅವನು ಕೆಟ್ಟವನಲ್ಲ. ಮೊದಲು ಅವನೂ ಗುರುತು ಅಳಿಸಲು ಬಿಟ್ಟಿದ್ದ. ಆಗ ಕೆಲವರು, ನೀನು ನನ್ನದನ್ನು ಒತ್ತು, ಇಲ್ಲದಿದ್ದರೆ ನಿನ್ನದಕ್ಕೆ ಕೊಟ್ಟದ್ದನ್ನು ತೆಗೆಯುತ್ತೇನೆ ಎಂದು ವ್ಯಾಪಾರಕ್ಕೆ ಇಳಿದಿದ್ದರು. ಜಗಳಗಳಾಗಿ ತಾಣವೇ ಮುಚ್ಚುವ ಹಾಗಾಗಿತ್ತು. ಅಂದಿನಿಂದ ಬೀಗ ಹಾಕಿದ್ದ. ‘ನಿಮ್ಮ ಮಾತನ್ನು ನಾನು ನಂಬುತ್ತೇನೆ. ಆದರೆ ನಿಮಗೊಬ್ಬರಿಗೆ ಬೀಗ ತೆಗೆಯಲಾರೆ’ ಎಂದು ಅವನು ಉತ್ತರಿಸಿದ.

ಕಸ್ತೂರೆವ್ವ ಪ್ರಶ್ನೆಯ ಕೆಳಗೆ ತಾನೇ ಬರೆದಳು: ‘ನನ್ನ ಬೆರಳು ಜಾರಿದೆ. ದಾವಲಸಾಬ ಬರೆದದ್ದು ಸರಿ.’ ಆದರೆ ಅವನು ಬರೆದದ್ದೇ ಯಾರಿಗೂ ಕಾಣುತ್ತಿರಲಿಲ್ಲ. ಅವಳಿಗೆ ಅಳತೆಗಳು ನೆನಪಿರಲಿಲ್ಲ. ಜನ ಅವಳು ಬರೆದದ್ದನ್ನು ನೋಡಲಿಲ್ಲ, ಅವಳು ಒತ್ತಿದ್ದನ್ನು ನೋಡಿದರು. ಕಸ್ತೂರೆವ್ವನೇ ಒಪ್ಪದವನು ಎಂದು ಅವನ ಹಳೆಯ ಉತ್ತರಗಳನ್ನೂ ಹುಡುಕಿ ಕೆಳಗಿನ ಬಾಣ ಒತ್ತಿದರು. ಮರುದಿನ ಸಂಜೆಯ ಹೊತ್ತಿಗೆ ದಾವಲಸಾಬ ತಾಣದಿಂದ ತನ್ನ ಹೆಸರನ್ನೇ ತೆಗೆದುಹಾಕಿದ. ಅವನು ಬರೆದದ್ದೆಲ್ಲ ಅವನ ಜೊತೆಗೇ ಹೋಯಿತು.

ಅವನ ಊರಿನ ಹೆಸರು ಬಿಟ್ಟರೆ ಕಸ್ತೂರೆವ್ವನಿಗೆ ಏನೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಲಗ್ನದ ಬಟ್ಟೆಗಳು ರಾಶಿ ಬಿದ್ದಿದ್ದವು. ಕೈಯಲ್ಲಿದ್ದ ಕೆಲಸ ಮುಗಿಸಿ ಹೊರಡುವಾಗ ಹತ್ತು ದಿನ ಕಳೆದುಹೋಗಿತ್ತು. ಹುಬ್ಬಳ್ಳಿಯಲ್ಲೊಂದು, ಬಾದಾಮಿಯಲ್ಲೊಂದು ಬಸ್ಸು ಬದಲಿಸಿ ಗುಳೇದಗುಡ್ಡಕ್ಕೆ ಹೋದಳು. ಬಟ್ಟೆ ಅಂಗಡಿಗಳಲ್ಲಿ ವಿಚಾರಿಸಿದಳು. ಮೂರನೆಯ ಅಂಗಡಿಯವನು ಓಣಿ ತೋರಿಸಿದ. ಮನೆಯ ಮುಂದಿನ ಪಡಸಾಲೆಯಲ್ಲಿ ಮಷೀನು ಹಾಕಿಕೊಂಡು ಒಬ್ಬನು ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದ.

“ದಾವಲಸಾಬ ಅಂದ್ರ ನೀನೇ ಏನಪಾ?”

“ಹೌದ್ರಿ. ತಾವು?”

“ನಾ ರಾಣೇಬೆನ್ನೂರಿನ ಕಸ್ತೂರೆವ್ವ.”

ಅವನು ಎದ್ದು ನಿಂತ. ಹೊಲಿಯುತ್ತಿದ್ದ ಅಂಗಿಯನ್ನು ಮಡಚತೊಡಗಿದ.

“ತಮ್ಮಾ, ನೀ ಬರೆದದ್ದು ಖರೇ ಇತ್ತು. ನಾ ಮ್ಯಾಲಿನ ಬಾಣ ಒತ್ತಾಕ ಹೋಗಿದ್ದೆ. ಬೆರಳು ಜಾರಿತು. ಅದನ್ನ ತಗೀರಿ ಅಂದ್ರ ತಗೀಲಿಲ್ಲ. ಅದಕ್ಕ ನಾನೇ ಬಂದೆ.”

ದಾವಲಸಾಬ ಮಡಚಿದ ಅಂಗಿಯನ್ನು ಮಷೀನಿನ ಮೇಲಿಟ್ಟ. ಆಮೇಲೆ ಹೇಳಿದ.

“ಮೊದಲಿನ ನಾಕು ಮಂದಿ ಒತ್ತಿದ್ದಕ್ಕ ನನಗೇನೂ ಅನಿಸಲಿಲ್ರಿ ಅವ್ವಾರ. ಐದನೇದು ನಿಮ್ಮ ಹೆಸರಿತ್ತು. ನೀವು ಓದದ ಒತ್ತೋರಲ್ಲ. ಅಂದಮ್ಯಾಲ ನನ್ನ ಕೆಲಸದಾಗ ಏನೋ ತಪ್ಪೈತಿ ಅಂತ ತಿಳಕೊಂಡೆ. ಅವತ್ತೇ ನಮ್ಮವ್ವನ ಕುಪ್ಪಸದಾಗಿನ ಜೇಬು ಬಿಚ್ಚಿದೆ.”

ಅವನು ತನ್ನ ಮನೆಯವರು ಎಂದು ಬರೆದದ್ದು ತಾಯಿಯನ್ನೇ ಎಂದು ಕಸ್ತೂರೆವ್ವನಿಗೆ ಆಗ ತಿಳಿಯಿತು. ಅವಳು ಒಳಗೆ ಹೋದಳು. ಮುದುಕಿ ಕಾಳು ಆರಿಸುತ್ತ ಕೂತಿದ್ದಳು. ಅಂಥ ಸೆಕೆಯಲ್ಲೂ ಸೆರಗನ್ನು ಎರಡೂ ಹೆಗಲಿಗೆ ಬಿಗಿಯಾಗಿ ಹೊದ್ದಿದ್ದಳು. ಒಂದು ಹೆಗಲು ಇನ್ನೊಂದಕ್ಕಿಂತ ಮೇಲಿತ್ತು. ಮಗ ಯಾಕೆ ಬಿಚ್ಚಿದ ಎಂದು ಆಕೆ ಕೇಳಿರಲಿಲ್ಲ. ಟೇಲರ್ ಅವನು, ಅವನಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದಳು.

ಕಸ್ತೂರೆವ್ವ ಆ ಕುಪ್ಪಸವನ್ನೂ ಬಿಚ್ಚಿದ ಜೇಬನ್ನೂ ತರಿಸಿಕೊಂಡಳು. ಎಲ್ಲಿಂದ ಎಲ್ಲಿಗೆ, ಎಷ್ಟು ಬೆರಳು ಬಿಟ್ಟು ಎಂದು ದಾವಲಸಾಬ ಹೇಳುತ್ತ ಹೋದ. ಅವಳು ಅವನು ಹೇಳಿದಂತೆ ಕೈಯಿಂದಲೇ ಹೊಲಿದಳು. ಅವಳು ಹೊಲಿಗೆ ಕಲಿಯಲು ಕೂತಾಗ ಅವನು ಹುಟ್ಟಿಯೂ ಇರಲಿಲ್ಲ. ಅಂದು ಅವನು ಎರಡು ಕಡೆ ಅವಳ ಹೊಲಿಗೆಯನ್ನು ತಿದ್ದಿದ. ತಿದ್ದಿದಾಗ ಅವಳು ಬಿಚ್ಚಿ ಮತ್ತೆ ಹೊಲಿದಳು. ಮುದುಕಿ ತೊಟ್ಟುಕೊಂಡು ಬಂದು ಸೆರಗನ್ನು ಎಂದಿನಂತೆ ಒಂದೇ ಹೆಗಲಿಗೆ ಹಾಕಿಕೊಂಡಳು. ಒಲೆ ಹಚ್ಚಿ, ಬಂದವಳಿಗೆ ಚಹಾ ಮಾಡಿದಳು.

ಕಸ್ತೂರೆವ್ವ ಅಳತೆಗಳನ್ನೆಲ್ಲ ಬರೆದುಕೊಂಡಳು. ಕಾಗದದಲ್ಲಿ ಜೇಬಿನ ಆಕಾರ ಕತ್ತರಿಸಿಕೊಂಡಳು. ತಾಣಕ್ಕೆ ತಿರುಗಿ ಬಾ ಎಂದು ದಾವಲಸಾಬನನ್ನು ಕರೆದಳು. ಅವನು ನಕ್ಕು, ಮುಂದೆ ನೋಡೋಣ ಎಂದ. ಆದರೆ ಅವನು ಮತ್ತೆ ಬರಲಿಲ್ಲ.

ಅವಳು ಊರಿಗೆ ಬಂದು, ಎರಡು ದಿನ ಬಿಟ್ಟು, ಆ ಕಾಗದವನ್ನು ಹಾನಗಲ್ಲಿಗೆ ತಾನೇ ಒಯ್ದಳು. ಮದುವೆ ಹಿಂದಿನ ದಿನವೇ ಮುಗಿದಿತ್ತು. ಯಾರ ಉತ್ತರವೂ ಸಿಗದೆ ಇಂದುಮತಿ ತನಗೆ ತಿಳಿದಂತೆ ಹೊಲಿದು ಕೊಟ್ಟಿದ್ದಳು. ಆ ತಾಯಿ ಮೈತುಂಬ ಸೆರಗು ಹೊದ್ದು ಅಡುಗೆಯವರ ಬಳಿಯೇ ಇದ್ದಳಂತೆ. ಫೋಟೋಕ್ಕೆ ಕರೆದರೆ ಕೆಲಸವಿದೆ ಎಂದಳಂತೆ. ಮಗಳ ಮದುವೆಯ ಒಂದು ಫೋಟೋದಲ್ಲೂ ಅವಳಿರಲಿಲ್ಲ.

ಇಂದುಮತಿ ಹೊಸ ಅಳತೆಯಲ್ಲಿ ಇನ್ನೊಂದು ಕುಪ್ಪಸ ಹೊಲಿದಳು. ಆ ಹೆಂಗಸು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಎರಡೂ ಕೈ ಎತ್ತಿದಳು, ಇಳಿಸಿದಳು. ಸರಿಯಾಗಿ ಕೂತಿತ್ತು. “ಇದು ಹದಿನೈದು ದಿನ ಮೊದಲು ಸಿಕ್ಕಿದ್ದರೆ” ಎಂದಷ್ಟೇ ಹೇಳಿ ಅಲ್ಲಿಗೇ ಮಾತು ನಿಲ್ಲಿಸಿದಳು. ಕಸ್ತೂರೆವ್ವ ಅಲ್ಲೇ ಇದ್ದಳು. ಅವಳು ತಲೆ ಎತ್ತಲಿಲ್ಲ.

ಅಂದಿನಿಂದ ಕಸ್ತೂರೆವ್ವ ತಾಣದಲ್ಲಿ ಓದುತ್ತಿದ್ದಳು, ಆದರೆ ಬಾಣ ಮುಟ್ಟಲಿಲ್ಲ. ಮೇಲಿನದನ್ನೂ ಮುಟ್ಟಲಿಲ್ಲ. ಈ ಸುದ್ದಿ ತಿಳಿದ ಇನ್ನೂ ಹಲವರು ಹಾಗೆಯೇ ಮಾಡಿದರು. ತಪ್ಪಿದರೆ ತಿದ್ದಲು ಬಾರದು, ಯಾಕೆ ಬೇಕು ಎಂದುಕೊಂಡರು. ಒತ್ತುವ ಮೊದಲು ಯೋಚಿಸುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಒತ್ತುವುದನ್ನೇ ಬಿಟ್ಟರು. ಯೋಚಿಸದವರು ಒತ್ತುತ್ತಲೇ ಇದ್ದರು. ಒಂದು ವರ್ಷದಲ್ಲಿ ಆ ತಾಣದ ಗುರುತುಗಳೆಲ್ಲ ಅವರವೇ ಆದವು. ವೋಟಿನ ತೂಕ ಉಳಿಯಲೆಂದು ಬೀಗ ಹಾಕಿದವನು, ಈ ಗುರುತುಗಳನ್ನು ಈಗ ಯಾರೂ ಯಾಕೆ ನಂಬುವುದಿಲ್ಲ ಎಂದು ಕಂಡಕಂಡವರನ್ನು ಕೇಳುತ್ತಿದ್ದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕಸ್ತೂರೆವ್ವನಂಥವರು ತನಗೂ ಬರೆದಿರಬಹುದು ಎಂದು ಶಿಷ್ಯನಿಗೆ ಅನ್ನಿಸಿತು. ತಾನು ಎಷ್ಟು ಜನರಿಗೆ ಆಗುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿದ್ದೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ. ಆದರೂ ಒಂದು ಮುಳ್ಳು ಉಳಿದಿತ್ತು.

“ಗುರುಗಳೇ, ಬೆರಳು ಜಾರಿದವರಿಗೆ ಬಿಡುತ್ತೇನೆ. ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲರೂ ಕಸ್ತೂರೆವ್ವನಲ್ಲ. ಅಂದು ಬೇಕೆಂದೇ ಒತ್ತಿ, ಆಮೇಲೆ ಬೇರೆಯವರ ಮಾತು ಓದಿ ಮನಸ್ಸು ಬದಲಾಯಿಸಿದವರೂ ಬೆರಳು ಜಾರಿತೆಂದು ಬರುತ್ತಾರೆ. ಬೆರಳು ಜಾರಿದ್ದು ಯಾರದ್ದು, ಮನಸ್ಸು ಬದಲಾದದ್ದು ಯಾರದ್ದು ಎಂದು ನಾನು ಹೇಗೆ ತಿಳಿಯಲಿ? ಅವರನ್ನು ಹೇಗೆ ತಡೆಯಲಿ?”

ಗುರುಗಳು ಅವನ ಮುಖ ನೋಡಿದರು.

“ಮನಸ್ಸು ಬದಲಾಗಬಾರದು ಎಂದಿದ್ದರೆ, ಮಗು, ನೀನು ಚರ್ಚೆಗೆ ಜಾಗ ಮಾಡಿದ್ದಾದರೂ ಯಾಕೆ?”