ರಾಣಿಯ ಕೇಕಿಗೆ ಚೌಕದ ಡಬ್ಬಿ

"ಕೇಳಿರಯ್ಯಾ ಕೇಳಿರಿ! ತೀರಿಕೊಂಡ ರಾಣಿಯವರು ಸ್ಪಂಜ್ ಕೇಕು ಬೇಯಿಸುತ್ತಿದ್ದ ದುಂಡು ಡಬ್ಬಿ ತೂತುಬಿದ್ದಿದೆ. ಅದೇ ಕೇಕನ್ನು ಚೌಕದ ಡಬ್ಬಿಯಲ್ಲಿ ಮಾಡಬೇಕು. ದೊರೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಉಳಿಯದು!"

ಡಂಗುರ ಕೇಳಿ ಆಸೆಪಟ್ಟು ಹೋದವರು ಮೂವರು. ಮೊದಲ ಒಗಟಿಗೇ ಅರಮನೆಯ ಬಾಣಸಿಗ ಮುಗ್ಗರಿಸಿದ, ಎರಡನೆಯದಕ್ಕೆ ಪೇಟೆಯ ಮಿಠಾಯಿಯವನು, ಮೂರನೆಯದಕ್ಕೆ ಇಡ್ಲಿ ಮಾರುವ ಕೆಂಚಿಯ ಅಣ್ಣ ಸೋಮಣ್ಣ. ಮೂವರನ್ನೂ ಸಭೆಯ ಕಂಬಕ್ಕೆ ಕಟ್ಟಿದರು. ಹೊತ್ತು ಮುಳುಗಿದರೆ ಕತ್ತಿ. ಸುದ್ದಿ ಕೆಂಚಿಗೆ ಮುಟ್ಟಿತು. ಅವಳಿಗೆ ತನ್ನವನೆಂದು ಇದ್ದವನು ಅವನೊಬ್ಬನೇ. ಹಿಟ್ಟಿನ ಕೈಯನ್ನೂ ತೊಳೆಯದೆ ಅರಮನೆಗೆ ಓಡಿ, ಒಗಟು ತಾನು ಬಿಡಿಸುತ್ತೇನೆಂದಳು.

ದೊರೆ ಅವಳತ್ತ ತಿರುಗಿಯೂ ನೋಡಲಿಲ್ಲ. "ಎರಡು ಡಬ್ಬಿ. ಅಗಲ ಒಂದೇ, ಎತ್ತರ ಒಂದೇ. ಆದರೂ ಒಂದಕ್ಕೆ ಹಸಿವು ಹೆಚ್ಚು. ಯಾವುದಕ್ಕೆ, ಎಷ್ಟು?"

ಕೆಂಚಿ ಅಲ್ಲಿದ್ದ ದುಂಡು ಡಬ್ಬಿಯನ್ನು ಚೌಕದ್ದರ ಬಾಯಿಯ ಮೇಲಿಟ್ಟಳು. "ಚೌಕದ್ದಕ್ಕೆ, ಬುದ್ಧಿ. ನಾಲ್ಕು ಮೂಲೆ ಹೊರಗೆ ಉಳೀತಲ್ಲ, ಅವನ್ನೂ ತುಂಬಿಸ್ಬೇಕು. ರಾಣಿಯೋರು ನಾಲ್ಕು ಮೊಟ್ಟೆ ಹಾಕ್ತಿದ್ರೆ ನಾವು ಐದು ಹಾಕ್ಬೇಕು. ಹಿಟ್ಟು, ಸಕ್ಕರೇನೂ ಅದೇ ಲೆಕ್ಕ."

"ತುಂಬಿಸಿದರೆ ಕೆಡುತ್ತದೆ, ತುಂಬಿಸದೆ ಬಿಟ್ಟರೆ ತಾನೇ ತುಂಬುತ್ತದೆ. ಯಾವುದು?"

"ಡಬ್ಬೀನೇ ಬುದ್ಧಿ. ಹಿಟ್ಟು ಉಬ್ಬೋಕೆ ಮೇಲೆ ಜಾಗ ಬಿಡ್ಬೇಕು. ಇಲ್ದಿದ್ರೆ ಉಕ್ಕಿ ಒಲೆಪಾಲು."

ದೊರೆಯ ದನಿ ಇಳಿಯಿತು. "ಅವಳು ಕೇಕು ಒಲೆಗಿಟ್ಟು ಉದ್ದದೊಂದು ಕತೆಹಾಡು ಹಾಡುತ್ತಿದ್ದಳು. ಹಾಡು ಮುಗಿಯುವಾಗ ಕೇಕು ಬೆಂದಿರುತ್ತಿತ್ತು. ಈಗ ಎಷ್ಟು ಸಲ ಹಾಡಬೇಕು?"

'ಒಂದೇ ಸಲ' ಎಂದು ಉತ್ತರಿಸಿ ಸಿಕ್ಕಿಬಿದ್ದಿದ್ದ ಸೋಮಣ್ಣ ಕಣ್ಣು ಮುಚ್ಚಿಕೊಂಡ.

"ನಂಗೊತ್ತಿಲ್ಲ ಬುದ್ಧಿ," ಎಂದಳು ಕೆಂಚಿ. "ಯಾರಿಗೂ ಗೊತ್ತಿರಲ್ಲ. ಒಂದೇ ಹಿಟ್ಟು, ತಟ್ಟೆ ಇಡ್ಲಿ ಬೇಗ ಬೇಯುತ್ತೆ, ಲೋಟದ ಇಡ್ಲಿ ತಡ. ಪಾತ್ರೆ ಬದಲಾದ್ರೆ ಹಳೇ ಹೊತ್ತು ನಡೆಯಲ್ಲ. ಕಡ್ಡಿ ಚುಚ್ಚಿ ನೋಡ್ಬೇಕು, ಅಂಟದೆ ಬಂದ್ರೆ ಬೆಂದಿದೆ ಅಂತ."

"ಮಾಡಿ ತೋರಿಸು," ಎಂದ ದೊರೆ.

ಕೇಕು ಒಲೆಗೇರಿತು. ದೊರೆ ತಾನೇ ಹಾಡಿದ. ಹಾಡು ಮುಗಿಯಿತು, ಕಡ್ಡಿ ಹಸಿಹಸಿಯಾಗಿ ಬಂತು. ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು. ದೊರೆ ಮತ್ತೆ ಮೊದಲಿನಿಂದ ಹಾಡತೊಡಗಿದ, ಸ್ವಲ್ಪದರಲ್ಲೇ ಕಣ್ಣೊರೆಸಿಕೊಂಡ, ಹಾಡು ಅರ್ಧಕ್ಕೇ ನಿಂತಿತು. ಕೆಂಚಿ ಕಡ್ಡಿ ಚುಚ್ಚಿದಳು. ಅಂಟಲಿಲ್ಲ.

"ಏನು ಬೇಕು ಕೇಳಮ್ಮ."

"ಮೂವರ ಕಟ್ಟೂ ಬಿಚ್ಚಿಸಿ ಬುದ್ಧಿ."

ಕಟ್ಟು ಬಿಚ್ಚಿದರು. ದೊರೆ ಚಾಕು ತೆಗೆದುಕೊಂಡು ಕೇಕಿನ ನಾಲ್ಕು ಮೂಲೆಗಳನ್ನೂ ಕೊಯ್ದು, ಆ ಮೂವರಿಗೂ ಕೆಂಚಿಗೂ ಒಂದೊಂದು ಕೊಟ್ಟ. "ಇವು ಅವಳ ಕೇಕಿನಲ್ಲಿ ಇರಲಿಲ್ಲ. ಇವು ನಿಮ್ಮವು," ಎಂದ.

ತಟ್ಟೆಯಲ್ಲಿ ಉಳಿದದ್ದು ದುಂಡಗಿತ್ತು. ದೊರೆ ಅದರ ಮುಂದೆ ಒಬ್ಬನೇ ಕುಳಿತು, ನಿಂತ ಹಾಡನ್ನು ಕೊನೆತನಕ ಹಾಡಿದ.